ಸಹಿ ಶಿಖರದ ಮೇಲೆ ಮಾತ್ರ

ಎಲ್ಲಿ ಒಬ್ಬ ಅಧ್ಯಕ್ಷರಿದ್ದು ಅವರ ಕೈಗೊಂದು ಮೈಕು ಸಿಗುತ್ತದೋ ಅಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಸಿಡ್ನಿಯಲ್ಲಿ ನಡೆಯುತ್ತದೆ, ಮೆಲ್ಬರ್ನ್‌ನಲ್ಲಿ ನಡೆಯುತ್ತದೆ. ಮೈಕೇ ಇಲ್ಲದ ಆಫ್ರಿಕದ ಬೆಟ್ಟವೊಂದರ ಮೇಲೂ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನು ಹೇಳಿದಾಗಲೆಲ್ಲ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ನಾನು ನಗಿಸುವುದಕ್ಕಾಗಿ ಹೇಳುತ್ತಿಲ್ಲ. ದೂರು ಕೊಡಬೇಕಾದ ಕಚೇರಿ ಯಾವುದೆಂದು ಇಂದಿಗೂ ತಿಳಿಯದ ಕಾರಣ ನಿಮ್ಮ ಮುಂದೆ ಹೇಳುತ್ತಿದ್ದೇನೆ.

೧. ಮಗಳಿದ್ದ ಹಾಗೆ

ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಮೆಲ್ಬರ್ನ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ಸಿಹಿತಿಂಡಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಕೆಲಸಕ್ಕೆ ಸೇರಿದ್ದೆ. ಕಚೇರಿಯ ಯಜಮಾನರೇ ಸಿಡ್ನಿಯಲ್ಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷರೂ ಆಗಿದ್ದರು. ಎರಡು ಹುದ್ದೆಗಳ ನಡುವೆ ಅವರು ಗೆರೆ ಎಳೆದಿರಲಿಲ್ಲ. ಆದ್ದರಿಂದ ನಾನು ಬೆಳಿಗ್ಗೆ ಅವರ ಗಿರಾಕಿಗಳಿಗೆ ಪ್ರೋಗ್ರಾಂ ಬರೆದು, ಮಧ್ಯಾಹ್ನ ರಾಜ್ಯೋತ್ಸವದ ಆಹ್ವಾನಪತ್ರಿಕೆಯ ಕರಡು ತಿದ್ದಿ, ಸಂಜೆ ಗಿರಾವೀನ್‌ನಲ್ಲಿದ್ದ ಅವರ ಮನೆಗೆ ಕರಿಬೇವಿನ ಪೊಟ್ಟಣ ತಲುಪಿಸುತ್ತಿದ್ದೆ.

"ನೀನು ನನ್ನ ಮಗಳಿದ್ದ ಹಾಗೆ ಕಣಮ್ಮ" ಎನ್ನುತ್ತಿದ್ದರು ಅಧ್ಯಕ್ಷರು.

ಅವರಿಗೆ ಹದಿನಾಲ್ಕು ವರ್ಷದ ನಿಜವಾದ ಮಗಳೊಬ್ಬಳಿದ್ದಳು. ಅವಳು ಕರಿಬೇವು ತಂದದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ನನ್ನ ವೀಸಾ ಮುಗಿಯಲು ಹತ್ತು ವಾರ ಉಳಿದಿತ್ತು. ಅಷ್ಟರೊಳಗೆ ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಪರವಾನಗಿಗೆ, ಅರ್ಜಿ ಹಾಕದಿದ್ದರೆ ನಾನು ಸೂಟ್‌ಕೇಸ್ ಕಟ್ಟಬೇಕಿತ್ತು. ಅರ್ಜಿಗೆ ಬೇಕಾದ ಕಾಗದಗಳಲ್ಲಿ ಒಂದೇ ಒಂದು ಬಾಕಿ: ಈಕೆ ನಮ್ಮಲ್ಲಿ ಒಂದು ವರ್ಷ ಈ ಕೆಲಸ ಮಾಡಿದ್ದಾಳೆ ಎಂಬ ಅನುಭವದ ಪತ್ರ. ಹನ್ನೊಂದು ಸಾಲು. ಅದನ್ನು ನಾನೇ ಟೈಪ್ ಮಾಡಿದ್ದೆ. ಅವರು ಮಾಡಬೇಕಾದದ್ದು ಕೆಳಗೆ ಸ್ಥಳ ಬರೆದು ಸಹಿ ಹಾಕುವುದು, ಅಷ್ಟೆ.

ಒಂದು ಸಂಜೆ ಅವರ ಮನೆಯಲ್ಲಿ ಪತ್ರವನ್ನು ಮೇಜಿನ ಮೇಲಿಟ್ಟಾಗ ಅವರು ಪೆನ್ನಿನ ಮುಚ್ಚಳ ತೆಗೆದರು. ನನ್ನ ಎದೆ ಹಗುರಾಯಿತು. ಅವರು ಮುಚ್ಚಳವನ್ನು ಮತ್ತೆ ಹಾಕಿದರು.

"ಅಲ್ಲಮ್ಮ, ಸಹಿ ಹಾಕೋದು ದೊಡ್ಡ ವಿಷಯಾನಾ? ಇಲ್ಲಿ ಕೂತು ಹಾಕಿದ್ರೆ ಅದರಲ್ಲೇನಿದೆ ಮಜಾ? ಹೆಂಗಿದ್ರೂ ಇನ್ನೇಳು ವಾರಕ್ಕೆ ಸಂಘದಿಂದ ಕಿಲಿಮಂಜಾರೋ ಹತ್ತುತಾ ಇದೀವಿ. ಅಲ್ಲಿ ಟಾಪ್‌ನಲ್ಲಿ ಒಂದು ಸಣ್ಣ ಸಮಾರಂಭ. ನನಗೆ ಸನ್ಮಾನ, ಆಮೇಲೆ ನಾನು ನಿನ್ನ ಲೆಟರ್‌ಗೆ ಸಹಿ. 'ಆಫ್ರಿಕದ ನೆತ್ತಿಯ ಮೇಲೆ ಕನ್ನಡದ ಹೆಣ್ಣುಮಗಳಿಗೆ ಭವಿಷ್ಯ.' ಹೆಂಗಿದೆ? ಫೋಟೋ ಹಾಕಿದ್ರೆ ಜನ ಫ್ರೇಮ್ ಹಾಕಿಸಿಟ್ಟುಕೋತಾರೆ."

"ಅಂಕಲ್, ಬೆಟ್ಟದಿಂದ ವಾಪಸ್ ಬಂದ ಮೇಲೆ ನನಗೆ ಉಳಿಯುವುದು ಒಂಬತ್ತೇ ದಿನ."

"ಒಂಬತ್ತು ದಿನ ಬೇಕಾದಷ್ಟಾಯ್ತು. ಕಾಗದ ತಲುಪೋಕೆ ಎರಡು ದಿನ ಸಾಕು."

ಬಾಗಿಲಲ್ಲಿ ನಿಂತಿದ್ದ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು ಕೇಳಿದಳು: "ಡ್ಯಾಡ್, ವೈ ಡೋಂಟ್ ಯೂ ಜಸ್ಟ್ ಸೈನ್ ಇಟ್ ನೌ?"

"ಇದೆಲ್ಲ ನಮ್ಮ ಸಂಸ್ಕೃತಿ ಪುಟ್ಟಿ, ನಿನಗೆ ಅರ್ಥ ಆಗಲ್ಲ" ಎಂದರು ಅಧ್ಯಕ್ಷರು.

ಆ ದಿನ ಆ ಕೋಣೆಯಲ್ಲಿ ನಮ್ಮ ಸಂಸ್ಕೃತಿ ಅರ್ಥವಾಗದವರು ಇಬ್ಬರಿದ್ದೆವು.

೨. ಎರಡು ಮುಖದ ಬ್ಯಾನರ್

ಚಾರಣವನ್ನು ಸಿಡ್ನಿ ಮತ್ತು ಮೆಲ್ಬರ್ನ್‌ನ ಸಂಘಗಳು ಜಂಟಿಯಾಗಿ ನಡೆಸುವುದೆಂದು ತೀರ್ಮಾನವಾಗಿತ್ತು. ಮೆಲ್ಬರ್ನ್‌ನ ಪರವಾಗಿ ಬರುವವರು ಕ್ರೇಗಿಬರ್ನ್‌ನಲ್ಲಿದ್ದ ಒಬ್ಬ ಕಾರ್ಯದರ್ಶಿ. ಅಧ್ಯಕ್ಷರಿಗೂ ಅವರಿಗೂ ಇದ್ದ ಸ್ನೇಹ ಎಷ್ಟು ಗಾಢವಾಗಿತ್ತೆಂದರೆ ಒಬ್ಬರು ಸೀನಿದರೂ ಇನ್ನೊಬ್ಬರು ಅದರಲ್ಲಿ ತಪ್ಪು ಹುಡುಕುತ್ತಿದ್ದರು.

ಮೊದಲ ಸಭೆ ಅಧ್ಯಕ್ಷರ ಮನೆಯಲ್ಲಿ, ಸ್ಪೀಕರ್‌ಫೋನ್‌ನಲ್ಲಿ ನಡೆಯಿತು. ಕಾರ್ಯಸೂಚಿಯಲ್ಲಿ ಏಳು ವಿಷಯಗಳಿದ್ದವು: ಬೂಟು, ಲಸಿಕೆ, ವಿಮೆ, ಔಷಧ, ಚಳಿಯ ಉಡುಪು, ದೈಹಿಕ ತಯಾರಿ, ಬ್ಯಾನರ್. ಸಭೆ ಎರಡೂವರೆ ಗಂಟೆ ನಡೆದು ಏಳನೆಯ ವಿಷಯವನ್ನು ಮಾತ್ರ ಚರ್ಚಿಸಿತು.

"ಸಿಡ್ನಿ–ಮೆಲ್ಬರ್ನ್ ಅಂತ ಬರೆಸೋಣ. ಸಿಡ್ನಿ ದೊಡ್ಡ ಊರು" ಎಂದರು ಅಧ್ಯಕ್ಷರು.

"ಏನ್ ಸ್ವಾಮಿ, ಅಕ್ಷರಮಾಲೆಯಲ್ಲಿ ಮ ಮೊದಲು ಬರುತ್ತೋ ಸ ಮೊದಲು ಬರುತ್ತೋ?" ಎಂದಿತು ಸ್ಪೀಕರ್‌ಫೋನ್.

"ಹಾಗಾದ್ರೆ ಅಡಿಲೇಡ್‌ನೋರನ್ನ ಕರೀರಿ, ಅವರದ್ದೇ ಮೊದಲು ಹಾಕೋಣ!"

ಕೊನೆಗೆ ಅಧ್ಯಕ್ಷರ ಹೆಂಡತಿ, ಅಂದರೆ ಆಂಟಿ, ಕಾಫಿ ತಂದಿಟ್ಟು ಒಂದು ಪರಿಹಾರ ಸೂಚಿಸಿದರು: ಬ್ಯಾನರಿನ ಒಂದು ಬದಿಯಲ್ಲಿ ಸಿಡ್ನಿ ಮೊದಲು, ಇನ್ನೊಂದು ಬದಿಯಲ್ಲಿ ಮೆಲ್ಬರ್ನ್ ಮೊದಲು, ಎರಡು ಬಾರಿ ಫೋಟೋ ತೆಗೆಸಿದರಾಯಿತು. ಇಬ್ಬರೂ ಒಪ್ಪಿದರು. ಬ್ಯಾನರ್ ಮಾಡಿಸುವ ಹೊಣೆ, ಮಗಳಿದ್ದ ಹಾಗಿದ್ದವಳ ಮೇಲೆ ಬಿತ್ತು.

ಬ್ಯಾನರ್ ಬಂತು. ಹೊರುವುದಕ್ಕೆ ಹಗುರವಾಗಿರಲಿ ಎಂದು ಅಧ್ಯಕ್ಷರೇ ಆರಿಸಿದ್ದ ಬಟ್ಟೆ ಪಂಚೆಯಷ್ಟು ತೆಳುವಾಗಿತ್ತು. ಅದನ್ನು ಬೆಳಕಿಗೆ ಹಿಡಿದಾಗ ಹಿಂದಿನ ಅಕ್ಷರ ಮುಂದಿನ ಅಕ್ಷರದ ಮೇಲೆ ಕುಳಿತು, ಆಸ್ಟ್ರೇಲಿಯದ ಎರಡು ಮಹಾನಗರಗಳೂ ಏಕಕಾಲಕ್ಕೆ ಅಳಿಸಿಹೋಗಿದ್ದವು. ಎರಡು ಸಂಘಗಳು ಸಮಾನವಾಗಿ ಕಂಡದ್ದು ಅದೊಂದು ಸಲ ಮಾತ್ರ.

೩. ತಕ್ಕಡಿ

ಕಿಲಿಮಂಜಾರೋ ಹತ್ತುವವರು ತಮ್ಮ ಸಾಮಾನನ್ನು ತಾವೇ ಪೂರ್ತಿ ಹೊರುವುದಿಲ್ಲ. ದೊಡ್ಡ ಚೀಲಗಳನ್ನು ಅಲ್ಲಿಯ ಪೋರ್ಟರ್‌ಗಳು ಹೊರುತ್ತಾರೆ, ಆದರೆ ತಲೆಗಿಷ್ಟು ತೂಕ ಎಂಬ ಮಿತಿಯಿದೆ. ಬೆಟ್ಟದ ಬುಡದ ಗೇಟಿನಲ್ಲಿ ಒಂದು ತಕ್ಕಡಿ ತೂಗುಹಾಕಿರುತ್ತಾರೆ. ಅದರ ಪಕ್ಕದಲ್ಲಿ ನಮ್ಮ ಮುಖ್ಯ ಗೈಡ್ ನಿಂತಿದ್ದರು. ಐವತ್ತರ ಆಸುಪಾಸಿನ, ಎತ್ತರದ, ಮಾತು ಕಡಿಮೆಯ ಮನುಷ್ಯ. ಜೇಬಿನಲ್ಲಿ ಯಾವಾಗಲೂ ಒಂದು ನೀಲಿ ಪುಸ್ತಕ. ಅವರು ಎಣಿಸಿ ಆಡುತ್ತಿದ್ದ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ನಾವಿದ್ದದ್ದು ನಾಲ್ವರು: ಅಧ್ಯಕ್ಷರು, ಆಂಟಿ, ಕಾರ್ಯದರ್ಶಿ, ನಾನು. ಮೂವರ ಚೀಲಗಳು ತಕ್ಕಡಿ ದಾಟಿದವು. ಅಧ್ಯಕ್ಷರ ಚೀಲ ಏರಿದಾಗ ಮುಳ್ಳು ಕೊನೆಗೆ ಹೋಗಿ ನಿಂತಿತು. ಗೈಡ್ ಚೀಲ ತೆರೆಸಿದರು.

"ಇದೇನು?"

"ಪ್ರೆಶರ್ ಕುಕ್ಕರ್" ಎಂದರು ಆಂಟಿ. "ನಮ್ಮ ಯಜಮಾನ್ರಿಗೆ ಹೊರಗಿನ ಊಟ ಹಿಡಿಸಲ್ಲ ಅಂತ ಹೇಳಮ್ಮ."

ನಾನು ಹೇಳಿದೆ. ಗೈಡ್ ಅದನ್ನು ಎತ್ತಿ ನೋಡಿ, ಒಪ್ಪಿಗೆಯಿಂದ ತಲೆಯಾಡಿಸಿ, ಅಡುಗೆಯವರ ಕಡೆ ಇಟ್ಟರು. "ಎತ್ತರದಲ್ಲಿ ಬೇಳೆ ಬೇಯುವುದಿಲ್ಲ. ಬುದ್ಧಿವಂತರ ಕೆಲಸ. ಇದು?"

"ಮೈಸೂರು ಪೇಟ."

"ತಲೆಗೆ ಬೆಚ್ಚಗಾಗುತ್ತದೆಯೆ?"

"ಇಲ್ಲ."

"ಇದು?"

"ಶಾಲು. ಅದೂ ಬೆಚ್ಚಗಾಗುವುದಿಲ್ಲ. ಅದು ಗಂಧದ ಹಾರ. ಅದು ತೆಂಗಿನಕಾಯಿ. ಅದು ಹಣ್ಣಿನ ಬುಟ್ಟಿ. ಅದು ರಟ್ಟಿಗೆ ಅಂಟಿಸಿದ ಮಾನಪತ್ರ. ಅದು ಸ್ಮರಣಿಕೆ."

ಸ್ಮರಣಿಕೆ ಎರಡೂವರೆ ಕಿಲೋ ತೂಗುತ್ತಿತ್ತು. ಬೀಟೆಮರದ ಪೀಠದ ಮೇಲೆ ಹಿತ್ತಾಳೆಯ ಬೆಟ್ಟ. ಕೆಳಗಿನ ಫಲಕದಲ್ಲಿ ಅಧ್ಯಕ್ಷರ ಹೆಸರು, ಶಿಖರದ ಹೆಸರು, ಶಿಖರ ಏರಿದ ದಿನ. ಎಲ್ಲವನ್ನೂ ಹ್ಯಾರಿಸ್ ಪಾರ್ಕ್‌ನಲ್ಲೇ ಕೆತ್ತಿಸಿ ತಂದಿದ್ದರು. ಗೈಡ್ ಫಲಕದ ಅಂಕಿಗಳನ್ನು ಓದಿ, ಬೆಟ್ಟದ ಕಡೆ ತಿರುಗಿ ನೋಡಿ, ಮತ್ತೆ ಫಲಕ ನೋಡಿದರು.

"ಇನ್ನೂ ನಾಲ್ಕು ದಿನ ಇದೆಯಲ್ಲ" ಎಂದರು.

"ಟೆಲ್ ಹಿಮ್, ಪಾಸಿಟಿವ್ ಥಿಂಕಿಂಗ್" ಎಂದರು ಅಧ್ಯಕ್ಷರು.

ಮಿತಿ ಮೀರಿದ ಸಾಮಾನನ್ನು ಪೋರ್ಟರ್ ಬೆನ್ನಿಗೆ ಹಾಕಲು ಗೈಡ್ ಒಪ್ಪಲಿಲ್ಲ. ಅಧ್ಯಕ್ಷರು ಬಿಟ್ಟುಹೋಗಲು ಒಪ್ಪಲಿಲ್ಲ. ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ಪೇಟ, ಶಾಲು, ಹಾರ, ತೆಂಗಿನಕಾಯಿ, ಬುಟ್ಟಿ, ಮಾನಪತ್ರ ಮತ್ತು ಸ್ಮರಣಿಕೆ ನಾನು ಹೊರುವ ಚೀಲಕ್ಕೆ ಬಂದವು. ಜಾಗ ಮಾಡಲು ನಾನು ಒಂದು ಸ್ವೆಟರನ್ನೂ ಒಂದು ನೀರಿನ ಬಾಟಲಿಯನ್ನೂ ಗೇಟಿನಲ್ಲೇ ಬಿಟ್ಟೆ.

ಒಂದು ಪ್ಲಾಸ್ಟಿಕ್ ಕವಚದಲ್ಲಿ ಆ ಹನ್ನೊಂದು ಸಾಲಿನ ಪತ್ರದ ಮೂರು ಪ್ರತಿಗಳಿದ್ದವು. ಅವನ್ನು ಬಿಡಲಿಲ್ಲ. ಇಡೀ ತಂಡದ ಸಾಮಾನಿನಲ್ಲಿ ತಕ್ಕಡಿಗೆ ಗೊತ್ತೇ ಆಗದಷ್ಟು ಹಗುರವಾದದ್ದು ಅದೊಂದೇ, ಮತ್ತು ನಾನು ಬೆಟ್ಟ ಹತ್ತುತ್ತಿದ್ದದ್ದು ಅದೊಂದಕ್ಕೇ.

೪. ಎಲ್ಲರೂ ಆರೋಗ್ಯ

ಆ ಬೆಟ್ಟ ಹತ್ತುವ ಗುಟ್ಟು ನಿಧಾನ. ಗೈಡ್ ದಿನಕ್ಕೆ ನೂರು ಸಲ ಅದನ್ನೇ ಹೇಳುತ್ತಿದ್ದರು. ಮುದುಕಿ ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕುವ ಹಾಗೆ ನಡೆಯಬೇಕು. ಎತ್ತರದ ತೆಳುಗಾಳಿಗೆ ಮೈ ಒಗ್ಗಲು ಹೊತ್ತು ಕೊಡಬೇಕು. ಆದರೆ ಸಾಲಿನಲ್ಲಿ ಕಾರ್ಯದರ್ಶಿ ಎರಡು ಹೆಜ್ಜೆ ಮುಂದಾದರೆ ಅಧ್ಯಕ್ಷರು ನಾಲ್ಕು ಹೆಜ್ಜೆ ಮುಂದಾಗುತ್ತಿದ್ದರು. ಕಾರ್ಯದರ್ಶಿ ಆರಾಗುತ್ತಿದ್ದರು. ಎರಡನೆಯ ದಿನದ ಹೊತ್ತಿಗೆ ಇಬ್ಬರು ಮಧ್ಯವಯಸ್ಕ ಗೃಹಸ್ಥರು ಮೂರು ಸಾವಿರ ಮೀಟರ್ ಎತ್ತರದಲ್ಲಿ, ಪರಸ್ಪರ ನೋಡದವರಂತೆ ನಟಿಸುತ್ತ, ಓಡುತ್ತಿದ್ದರು.

"ಆ ಇಬ್ಬರನ್ನು ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೆಯೆ?" ಎಂದು ಗೈಡ್ ನನ್ನನ್ನು ಕೇಳಿದರು.

"ಸಿಡ್ನಿ ಮತ್ತು ಮೆಲ್ಬರ್ನ್" ಎಂದೆ.

ಎರಡನೆಯ ರಾತ್ರಿಯ ತಂಗುದಾಣ ಹೋರಂಬೊ. ಅಲ್ಲಿ ಎತ್ತರಕ್ಕೆ ಹೊಂದಿಕೊಳ್ಳಲು ಒಂದು ದಿನ ಹೆಚ್ಚಿಗೆ ನಿಲ್ಲುತ್ತಾರೆ. ಪ್ರತಿ ಸಂಜೆ ಗೈಡ್ ಊಟದ ಮೇಜಿಗೆ ಬಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು: ತಲೆನೋವು ಇದೆಯೆ, ನಿದ್ದೆ ಬಂತೆ, ಹಸಿವು ಹೇಗಿದೆ. ನಮ್ಮಲ್ಲಿ ಸಭೆಯ ಪರವಾಗಿ ಅಧ್ಯಕ್ಷರೇ ಮಾತಾಡುವುದು ಪದ್ಧತಿಯಾದ್ದರಿಂದ ನಾಲ್ವರ ತಲೆ, ನಿದ್ದೆ, ಹೊಟ್ಟೆಗಳ ಬಗ್ಗೆಯೂ ಅವರೇ ಎದ್ದುನಿಂತು ಉತ್ತರಿಸುತ್ತಿದ್ದರು: "ಆನ್ ಬಿಹಾಫ್ ಆಫ್ ಎವ್ರಿಒನ್, ಆಲ್ ಫೈನ್!"

ಆಂಟಿ ಎರಡು ಕೈಯಿಂದ ತಲೆ ಒತ್ತಿಕೊಂಡು ಕುಳಿತಿದ್ದರು. "ನಿಮ್ಮ ತಲೆ ನಿಮ್ಮ ಹತ್ರ ಇಟ್ಕೊಳ್ರೀ, ನನ್ನದು ಸಿಡೀತಾ ಇದೆ" ಎಂದರು.

ಗೈಡ್ ಉತ್ತರಗಳನ್ನು ಬರೆದುಕೊಳ್ಳಲಿಲ್ಲ. ಎಲ್ಲರ ತಟ್ಟೆಗಳನ್ನು ನೋಡಿ, ಯಾರು ಎಷ್ಟು ಅನ್ನ ಬಿಟ್ಟಿದ್ದಾರೆಂದು ನೀಲಿ ಪುಸ್ತಕದಲ್ಲಿ ಬರೆದುಕೊಂಡರು. ಅಧ್ಯಕ್ಷರ ತಟ್ಟೆ ಬಡಿಸಿದ ಹಾಗೆಯೇ ಇತ್ತು.

ಅದನ್ನು ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಈ ಮನುಷ್ಯ ಮೇಲೆ ತಲುಪದಿದ್ದರೆ ನನ್ನ ಸಹಿ? ಊಟದ ನಂತರ ಕವಚದಿಂದ ಪತ್ರ ತೆಗೆದುಕೊಂಡು ಹೋದೆ. "ಅಂಕಲ್, ಮೇಲೆ ಗಾಳಿ ಜೋರಿರುತ್ತದೆ, ಕೈ ಮರಗಟ್ಟುತ್ತದೆ. ಸಹಿ ಇಲ್ಲೇ ಮಾಡಿಬಿಡಿ. ಮೇಲೆ ಫೋಟೋಕ್ಕೆ ಇನ್ನೊಂದು ಪ್ರತಿಗೆ ಹಾಕಬಹುದು."

"ಅಷ್ಟೂ ನಂಬಿಕೆ ಇಲ್ವಾ ನನ್ ಮೇಲೆ? ನಾನು ನಿನ್ನ ತಂದೆ ಇದ್ದ ಹಾಗೆ."

ನನ್ನ ತಂದೆ ಪ್ರೌಢಶಾಲೆಯ ಗುಮಾಸ್ತರು. ಮಕ್ಕಳ ಟಿಸಿಗೆ ಹೆಡ್‌ಮಾಸ್ತರ ಸಹಿ ಬೇಕಾದಾಗ ಊಟದ ಡಬ್ಬಿ ಮುಚ್ಚಿಟ್ಟು ಓಡುತ್ತಿದ್ದವರು. ಆ ಹೋಲಿಕೆಗೆ ಬಂದ ಸಿಟ್ಟನ್ನು ನಾನು ಇನ್ನೂ ಇಳಿಸಿಕೊಂಡಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದ ಗೈಡ್ ನನ್ನ ಕೈಯಲ್ಲಿದ್ದ ಕಾಗದ ಏನೆಂದು ಕೇಳಿದರು. ಹೇಳಿದೆ. ಅವರು ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟರು.

"ನಾನು ಗೈಡ್ ಪರೀಕ್ಷೆಗೆ ಕೂರಲು ಪೋರ್ಟರ್ ಆಗಿ ಕೆಲಸ ಮಾಡಿದ್ದಕ್ಕೆ ಒಂದು ಪತ್ರ ಬೇಕಿತ್ತು. ನನ್ನ ಯಜಮಾನ ನಾಳೆ ಎಂದ. ಆ ನಾಳೆ ಬರುವುದರೊಳಗೆ ಮೂರು ವರ್ಷ ಹೆಚ್ಚಿಗೆ ಮೂಟೆ ಹೊತ್ತೆ."

"ಅವರೇನೆನ್ನುತ್ತಿದ್ದರು?"

"ನೀನು ನನ್ನ ಮಗನಿದ್ದ ಹಾಗೆ ಎನ್ನುತ್ತಿದ್ದ" ಎಂದರು ಗೈಡ್.

೫. ನೇರ ಗೆರೆ

ಕೀಬೊ ಎಂಬುದು ಶಿಖರಕ್ಕೆ ಮುಂಚಿನ ಕೊನೆಯ ತಂಗುದಾಣ. ಸುಮಾರು ನಾಲ್ಕು ಸಾವಿರದ ಏಳುನೂರು ಮೀಟರ್. ಮಧ್ಯಾಹ್ನ ಅಲ್ಲಿಗೆ ತಲುಪಿದಾಗ ಅಧ್ಯಕ್ಷರು ಎರಡು ಸಲ ವಾಂತಿ ಮಾಡಿ, ಬೂಟುಗಳನ್ನು ಅದಲುಬದಲಾಗಿ ಹಾಕಿಕೊಂಡು, ಯಾರದೋ ಮಂಚದ ಮೇಲೆ ಕುಳಿತು, ಸ್ವಾಗತ ಭಾಷಣ ಆರಂಭಿಸಿದ್ದರು. ವೇದಿಕೆಯ ಮೇಲಿನ ಗಣ್ಯರಿಗೆ ವಂದಿಸಿದರು. ವೇದಿಕೆಯ ಮೇಲೆ ಇದ್ದದ್ದು ಒಣಗಲು ಹಾಕಿದ ಕಾಲುಚೀಲಗಳು.

ಗೈಡ್ ಅವರನ್ನು ಹೊರಗೆ ಕರೆತಂದು ನೆಲದಲ್ಲಿ ಕೋಲಿನಿಂದ ಒಂದು ನೇರ ಗೆರೆ ಎಳೆದರು. "ಇದರ ಮೇಲೆ ನಡೆಯಿರಿ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ."

"ನಾನು ಕಾಲೇಜಿಗೇ ಫಸ್ಟ್ ಬಂದಿದ್ದೋನು. ನನಗೆ ಪರೀಕ್ಷೆನಾ?" ಎಂದರು ಅಧ್ಯಕ್ಷರು. ಎರಡನೆಯ ಹೆಜ್ಜೆಗೆ ಎಡಕ್ಕೆ ವಾಲಿದರು. ಮೂರನೆಯ ಹೆಜ್ಜೆಯನ್ನು ಕಾರ್ಯದರ್ಶಿಯ ಪಾದದ ಮೇಲಿಟ್ಟರು.

"ನಿಮ್ಮ ಗೆರೆನೇ ಸೊಟ್ಟ ಇದೆ!"

"ಈಗಲೇ ಕೆಳಗೆ. ಎತ್ತರದ ಕಾಯಿಲೆ ತಲೆಗೆ ಏರಿದೆ. ತಡವಾದರೆ ಪ್ರಾಣಕ್ಕೆ ಅಪಾಯ" ಎಂದರು ಗೈಡ್.

"ನಾನು ಅಧ್ಯಕ್ಷ!"

"ಬೆಟ್ಟಕ್ಕೆ ಯಾರೂ ಹೇಳಿಲ್ಲ."

ಆ ಬೆಟ್ಟದಲ್ಲಿ ಒಂದೇ ಚಕ್ರದ ಕಬ್ಬಿಣದ ಸ್ಟ್ರೆಚರ್ ಇರುತ್ತದೆ. ಅಸ್ವಸ್ಥರನ್ನು ಅದಕ್ಕೆ ಕಟ್ಟಿ ಆರು ಜನ ಓಡುತ್ತ ಕೆಳಗಿಳಿಸುತ್ತಾರೆ. ಕಟ್ಟುತ್ತಿರುವಾಗ ನಾನು ಪತ್ರ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಪೆನ್ನು ಕೈಯಲ್ಲಿತ್ತು, ಅವರ ಬಲಗೈ ಇನ್ನೂ ಹೊರಗಿತ್ತು. ಕೇಳಿದ್ದರೆ ಬಹುಶಃ ಹಾಕಿಬಿಡುತ್ತಿದ್ದರು. ಆದರೆ ಅಷ್ಟರಲ್ಲಿ ಗೈಡ್ ನಿಮ್ಮ ಹೆಸರೇನೆಂದು ಕೇಳಿದಾಗ, ಅಧ್ಯಕ್ಷರು ಬಹಳ ಯೋಚಿಸಿ ಗಿರಾವೀನ್ ಮನೆಯ ನಂಬರು ಹೇಳಿದರು. ತಮ್ಮ ಹೆಸರು ತಮಗೇ ಗೊತ್ತಿಲ್ಲದವರಿಂದ ಸಹಿ ತೆಗೆದುಕೊಳ್ಳುವುದಕ್ಕೆ ನನ್ನ ಭಾಷೆಯಲ್ಲಿ ಬೇರೆ ಹೆಸರಿದೆ. ನಾನು ಪೆನ್ನನ್ನು ಜೇಬಿಗಿಟ್ಟೆ.

ಸ್ಟ್ರೆಚರ್ ಹೊರಟಿತು, ಪಕ್ಕದಲ್ಲಿ ಆಂಟಿ, ಕುಕ್ಕರ್ ತಬ್ಬಿಕೊಂಡು. ಇಳಿಜಾರಿನ ತಿರುವಿನಲ್ಲಿ ಅಧ್ಯಕ್ಷರಿಗೆ ಒಂದು ಕ್ಷಣ ಪ್ರಜ್ಞೆ ತಿಳಿಯಾಯಿತು. ತಲೆಯೆತ್ತಿ, ನನ್ನನ್ನು ಗುರುತಿಸಿ, ಕಣಿವೆ ಮೊಳಗುವಂತೆ ಕೂಗಿದರು:

"ಪೇಟ ಜೋಪಾನ ಕಣಮ್ಮ!"

೬. ಮಾನಪತ್ರ

ಶಿಖರಕ್ಕೆ ನಡುರಾತ್ರಿಯಲ್ಲಿ ಹೊರಡುವುದು ಅಲ್ಲಿಯ ಕ್ರಮ. ಉಳಿದದ್ದು ಮೂವರು: ಗೈಡ್, ಕಾರ್ಯದರ್ಶಿ, ನಾನು. ಅಧ್ಯಕ್ಷರು ಕೆಳಗಿಳಿದ ಕ್ಷಣದಿಂದ ಕಾರ್ಯದರ್ಶಿಯ ದುಃಖ ನೋಡಲಾಗುತ್ತಿರಲಿಲ್ಲ. ಸಂತೋಷ ಅದನ್ನು ಪೂರ್ತಿ ಮುಚ್ಚಿತ್ತು.

"ಸನ್ಮಾನ ನಿಲ್ಲಬಾರದಮ್ಮ. ಅವರಿಲ್ಲದಿದ್ರೆ ಹಿರಿಯನಾಗಿ ನಾನಿದೀನಿ. ಸ್ಮರಣಿಕೆ ಫಲಕದ ಮೇಲೆ ನನ್ನ ಹೆಸರಿನ ಒಂದು ಸ್ಟಿಕ್ಕರ್ ಅಂಟಿಸಿದ್ರಾಯ್ತು" ಎಂದರು.

ಬೆಳಗಾಗುವ ಹೊತ್ತಿಗೆ ನಾವು ಜ್ವಾಲಾಮುಖಿಯ ಬಾಯಿಯ ಅಂಚನ್ನು ತಲುಪಿದೆವು. ಅಲ್ಲಿಂದ ತುತ್ತತುದಿಗೆ ಇನ್ನೂ ಒಂದೂವರೆ ಗಂಟೆಯ ನಡಿಗೆ. ಕಾರ್ಯದರ್ಶಿ ಬಂಡೆಯ ಮೇಲೆ ಕುಳಿತು ಬೂದಿಯ ಬಣ್ಣಕ್ಕೆ ತಿರುಗಿ ಘೋಷಿಸಿದರು: "ಮೆಲ್ಬರ್ನ್ ಇಲ್ಲಿಗೆ ಸಾಕು." ಬ್ಯಾನರಿನ ತಮ್ಮ ಬದಿಯನ್ನು ಹಿಡಿದು ಒಂದು ಫೋಟೋ ತೆಗೆಸಿಕೊಂಡರು. ಹಿಂದಿನಿಂದ ಸೂರ್ಯ ಹುಟ್ಟುತ್ತಿದ್ದ. ಬ್ಯಾನರಿನಲ್ಲಿ ಏನೂ ಓದಲಾಗುತ್ತಿರಲಿಲ್ಲ. ನಾನು ಹೇಳಲಿಲ್ಲ. ಇನ್ನೊಂದು ತಂಡದ ಗೈಡ್ ಜೊತೆ ಅವರು ಕೆಳಗಿಳಿದರು.

"ನೀವೂ ಇಳಿಯಬಹುದು. ನಿಮ್ಮ ಸಹಿ ಕೆಳಗಿದೆ, ಮೇಲಿಲ್ಲ" ಎಂದರು ನಮ್ಮ ಗೈಡ್.

"ಈ ಸನ್ಮಾನದ ಮೂಟೆಯನ್ನು ನಾಲ್ಕು ದಿನ ಹೊತ್ತಿದ್ದೇನೆ" ಎಂದೆ. "ತಲುಪಬೇಕಾದ ಕಡೆ ತಲುಪಿಸುತ್ತೇನೆ."

ತುತ್ತತುದಿಯಲ್ಲಿ ಮರದ ಫಲಕದ ಮುಂದೆ ಹತ್ತು ಹನ್ನೆರಡು ಜನ ಫೋಟೋಕ್ಕಾಗಿ ಸಾಲು ನಿಂತಿದ್ದರು. ಯಾವ ಯಾವ ದೇಶದವರೋ. ನಮ್ಮ ಸರದಿ ಬಂದಾಗ ನಾನು ಚೀಲ ಬಿಚ್ಚಿದೆ. ಬೆರಳುಗಳು ಮರಗಟ್ಟಿದ್ದವು, ಆದರೆ ಕಾರ್ಯಕ್ರಮದ ಕ್ರಮ ನನಗೆ ಬಾಯಿಪಾಠವಿತ್ತು. ಅದನ್ನು ಟೈಪ್ ಮಾಡಿದವಳು ನಾನೇ. ಗೈಡ್‌ಗೆ ಫಲಕದ ಕೆಳಗಿನ ಕಲ್ಲಿನ ಮೇಲೆ ಕುಳಿತುಕೊಳ್ಳಲು ಹೇಳಿದೆ. ಅವರ ಉಣ್ಣೆಯ ಟೋಪಿಯ ಮೇಲೆ ಮೈಸೂರು ಪೇಟ ಇಟ್ಟೆ. ಶಾಲು ಹೊದಿಸಿದೆ. ಗಂಧದ ಹಾರ ಹಾಕಿದೆ. ಬುಟ್ಟಿಯನ್ನು ಕೈಗಿತ್ತೆ, ಒಳಗಿದ್ದ ಕಿತ್ತಳೆಗಳು ಕಲ್ಲಾಗಿ ಒಂದಕ್ಕೊಂದು ಬಡಿದು ಟಕಟಕ ಸದ್ದಾಯಿತು. ಎರಡೂವರೆ ಕಿಲೋ ಸ್ಮರಣಿಕೆಯನ್ನು ಅವರ ಮಡಿಲಿನಲ್ಲಿಟ್ಟಾಗ ನನ್ನ ಬೆನ್ನು ನಾಲ್ಕು ದಿನದಲ್ಲಿ ಮೊದಲ ಸಲ ನೆಟ್ಟಗಾಯಿತು.

ಆಮೇಲೆ ಮಾನಪತ್ರ ತೆಗೆದು, ಹೆಸರೊಂದನ್ನು ಬಿಟ್ಟು, ಅಕ್ಷರ ಬಿಡದೆ ಓದಿದೆ: "ಸರಳತೆಯೇ ಮೂರ್ತಿವೆತ್ತಂತಿರುವ, ಮುಂದೆ ನಿಂತು ನಡೆಸಿ ಹಿಂದೆ ನಿಂತು ಕಾಯುವ, ಕಿರಿಯರ ಏಳಿಗೆಯನ್ನೇ ತಮ್ಮ ಏಳಿಗೆಯೆಂದು ಬಗೆದ ಮಹನೀಯರೇ..." ಅಧ್ಯಕ್ಷರ ಆಜ್ಞೆಯಂತೆ ಆ ಸಾಲುಗಳನ್ನು ಹಲ್ಲು ಕಚ್ಚಿಕೊಂಡು ಬರೆದಿದ್ದೆ. ಅಲ್ಲಿ ಓದುವಾಗ ಅವುಗಳಲ್ಲಿ ಒಂದೇ ಒಂದು ಸುಳ್ಳೂ ಸಿಗಲಿಲ್ಲ. ಅದು ನನಗೆ ಇನ್ನೂ ಹೆಚ್ಚು ಸಿಟ್ಟು ತರಿಸಿತು.

ಸಾಲಿನಲ್ಲಿದ್ದವರು ಕೈಗವಸು ತೊಟ್ಟ ಕೈಗಳಿಂದ ಚಪ್ಪಾಳೆ ತಟ್ಟಿದರು. ನಮ್ಮ ಪದ್ಧತಿಯಂತೆ, ಸನ್ಮಾನಿತರು ಎರಡು ಮಾತಾಡಬೇಕೆಂದು ಕೋರಿದೆ. ಗೈಡ್ ಪೇಟ ಸರಿಮಾಡಿಕೊಂಡು ಎದ್ದುನಿಂತರು.

"ಚಳಿ ಇದೆ. ಇಳಿಯೋಣ."

ನಮ್ಮ ಸಂಘದ ವೇದಿಕೆಯಲ್ಲಿ ಇದುವರೆಗೆ ಆಗಿರುವ ಭಾಷಣಗಳಲ್ಲೆಲ್ಲ ಅದೇ ಅತ್ಯುತ್ತಮವಾದದ್ದು.

೭. ಸಹಿ ಮತ್ತು ಮೊಹರು

ಎತ್ತರದ ಕಾಯಿಲೆಗೆ ಇಳಿಯುವುದೇ ಮದ್ದು. ಸಂಜೆ ಹೋರಂಬೊ ತಲುಪಿದಾಗ ಅಧ್ಯಕ್ಷರು ಬಿಸಿಲು ಕಾಯಿಸುತ್ತ ಮೂರನೆಯ ಸಲ ಅನ್ನ ಸಾರು ಬಡಿಸಿಕೊಳ್ಳುತ್ತಿದ್ದರು. ಗೈಡ್ ಆ ತಟ್ಟೆಯನ್ನು ನೋಡಿ, ನೀಲಿ ಪುಸ್ತಕ ತೆಗೆದು ಏನೋ ಬರೆದುಕೊಂಡರು.

"ಬಾಮ್ಮ ಬಾ! ಎಲ್ಲಿ ನನ್ನ ಪೇಟ?" ಎಂದರು ಅಧ್ಯಕ್ಷರು.

ಪೇಟ ಗೈಡ್‌ನ ತಲೆಯ ಮೇಲಿತ್ತು. ಅದನ್ನು ಅವರು ಇಳಿದಾದ ಮೇಲೂ ತೆಗೆದಿರಲಿಲ್ಲ.

ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ನೋಡು, ಗಿರಾವೀನ್‌ನಲ್ಲಿ ಹಾಲ್ ಬುಕ್ ಆಗಿದೆ. ಸ್ವಾಗತ ಸಮಾರಂಭಕ್ಕೆ ಮುನ್ನೂರು ಜನ ಬರ್ತಾರೆ. ನಾನು ಮೇಲೆ ಹೋಗಿದ್ದೆ ಅಂತ ಈ ಗೈಡ್ ಹತ್ರ ಒಂದು ಸರ್ಟಿಫಿಕೇಟ್ ಬರೆಸಿಕೊಡು. ಒಂದೇ ಒಂದು ಸಹಿ. ಅದು ಸಿಕ್ಕಿದ ತಕ್ಷಣ ನಿನ್ನ ಲೆಟರ್‌ಗೂ ಹಾಕ್ತೀನಿ."

"ಅವರು ಸುಳ್ಳು ಬರೆಯುವುದಿಲ್ಲ, ಅಂಕಲ್."

"ಒಂದು ಸಹಿ ಹಾಕೋಕೆ ಇಷ್ಟು ಆಟ ಆಡಿಸಿದ್ರೆ ಹೆಂಗಮ್ಮ? ಮನುಷ್ಯನಿಗೆ ಮನುಷ್ಯತ್ವ ಬೇಡ್ವಾ?"

ಈ ವಾಕ್ಯವನ್ನು ಅವರು ನನ್ನ ಮುಖ ನೋಡಿಕೊಂಡೇ ಹೇಳಿದರು. ನಾನು ಅವರ ಬೇಡಿಕೆಯ ಜೊತೆಗೆ ಅದನ್ನೂ ಅಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಗೈಡ್‌ಗೆ ಹೇಳಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನಿಮ್ಮ ಯಜಮಾನರಿಗೆ ಹೇಳಿ: ಅವರು ಮೊದಲು ನಿಮ್ಮ ಕಾಗದಕ್ಕೆ ಸಹಿ ಹಾಕಲಿ. ನಾನು ಅವರಿಗೊಂದು ಪತ್ರ ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಡುತ್ತೇನೆ."

ಅಧ್ಯಕ್ಷರು ಅನ್ನದ ಕೈ ತೊಳೆದು ಓಡಿಬಂದರು. ಮೊದಲ ಪ್ರತಿಯಲ್ಲಿ ಸ್ಥಳ ಎಂಬಲ್ಲಿ ಶಿಖರದ ಹೆಸರು ಬರೆದರು. ನಾನು ಅದನ್ನು ಅವರ ಮುಂದೆಯೇ ನಾಲ್ಕಾಗಿ ಹರಿದು ಎರಡನೆಯ ಪ್ರತಿ ಇಟ್ಟೆ. ನಾನು ಮೂರು ಪ್ರತಿ ಹೊತ್ತು ಹೋಗಿದ್ದದ್ದು ಇಂಥ ಸಾಧ್ಯತೆಯನ್ನು ಊಹಿಸಿಯೇ. "ಇದೇನಮ್ಮ ಇಷ್ಟು ಸಿಟ್ಟು, ಹೆಣ್ಣುಮಕ್ಕಳಿಗೆ!" ಎನ್ನುತ್ತ ಎರಡನೆಯದರಲ್ಲಿ ಹೋರಂಬೊ ಎಂದು ಬರೆದು ಸಹಿ ಹಾಕಿದರು. ಒಂದೂವರೆ ಸೆಕೆಂಡು ಹಿಡಿಯಿತು.

ಆಮೇಲೆ ಗೈಡ್ ತಮ್ಮ ಸಂಸ್ಥೆಯ ಹೆಸರಿದ್ದ ಹಾಳೆಯೊಂದನ್ನು ತೆಗೆದು, ನೀಲಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ದುಂಡನೆಯ ಅಕ್ಷರಗಳಲ್ಲಿ ನಿಧಾನವಾಗಿ ಬರೆದರು. ಬರೆದದ್ದು ಇಂಗ್ಲಿಷ್ ಲಿಪಿಯಲ್ಲಿ, ಆದರೆ ತಮ್ಮ ಸ್ವಾಹಿಲಿ ಭಾಷೆಯಲ್ಲಿ. ಸಹಿ ಮಾಡಿ, ನೇರಳೆ ಬಣ್ಣದ ಗುಂಡು ಮೊಹರು ಒತ್ತಿದರು. ಅಧ್ಯಕ್ಷರು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಏನು ಬರೆದಿದಾರಮ್ಮ?"

ಗೈಡ್ ಅದರ ಅರ್ಥವನ್ನು ಆಗಲೇ ನನ್ನ ಕಿವಿಯಲ್ಲಿ ಹೇಳಿದ್ದರು.

"ನೀವು ಮಾಡಿದ್ದನ್ನೆಲ್ಲ ಬರೆದಿದ್ದಾರೆ, ಅಂಕಲ್" ಎಂದೆ. ಅದು ನಿಜ.

ಸಿಡ್ನಿಗೆ ಬಂದ ಮರುದಿನವೇ ಅರ್ಜಿ ಹಾಕಿದೆ. ಅದರ ಮರುದಿನ ಕೆಲಸ ಬಿಟ್ಟೆ. ಕಾರ್ಯದರ್ಶಿ ಮೆಲ್ಬರ್ನ್‌ನಲ್ಲಿ ನಡೆದದ್ದನ್ನೆಲ್ಲ ಸಾರಿದರಂತೆ, ಆದರೆ ಮೆಲ್ಬರ್ನ್‌ನವರು ಹೇಳಿದ್ದನ್ನು ನಂಬುವ ಪದ್ಧತಿ ಸಿಡ್ನಿಯಲ್ಲಿಲ್ಲ. ಭಾನುವಾರ ಗಿರಾವೀನ್‌ನ ಸಭಾಂಗಣದಲ್ಲಿ ಸ್ವಾಗತ ಸಮಾರಂಭ. ನಾನು ಕೊನೆಯ ಸಾಲಿನಲ್ಲಿ, ಅಧ್ಯಕ್ಷರ ಮಗಳ ಪಕ್ಕದಲ್ಲಿ ಕುಳಿತಿದ್ದೆ. ಪತ್ರಕ್ಕೆ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ, ಹೂವಿನ ಹಾರ ಹಾಕಿ, ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರಿಸಿದ್ದರು. ಅಧ್ಯಕ್ಷರು ಹೊಸ ಪೇಟ ತೊಟ್ಟು ಮೈಕು ಹಿಡಿದು, ಆಫ್ರಿಕ ಖಂಡವೇ ತಮಗೆ ಅರ್ಪಿಸಿದ ಮಾನಪತ್ರವೆಂದು ಅದನ್ನು ಮೂಲ ಭಾಷೆಯಲ್ಲಿಯೇ ಗಟ್ಟಿಯಾಗಿ, ಗಮಕದಿಂದ, ಒಂದೊಂದು ಸಾಲಿಗೂ ನಿಲ್ಲಿಸಿ ನಿಲ್ಲಿಸಿ ಓದಿದರು.

"ವಾಟ್ ಡಸ್ ಇಟ್ ಸೇ?" ಎಂದು ಮಗಳು ನನ್ನ ಕಿವಿಯಲ್ಲಿ ಕೇಳಿದಳು.

ನಾನು ಸಾಲು ಸಾಲಾಗಿ ಹೇಳುತ್ತ ಹೋದೆ. ಈ ವ್ಯಕ್ತಿ ಕೀಬೊ ತಂಗುದಾಣದವರೆಗೆ ನಡೆದರು. ಅಲ್ಲಿ ಒಣಗುತ್ತಿದ್ದ ಕಾಲುಚೀಲಗಳಿಗೆ ಭಾಷಣ ಮಾಡಿದರು. ನೇರ ಗೆರೆಯ ಮೇಲೆ ಎರಡು ಹೆಜ್ಜೆ ಇಟ್ಟರು. ಆರು ಜನ ಅವರನ್ನು ಗಾಡಿಯಲ್ಲಿ ಕಟ್ಟಿ ಕೆಳಗಿಳಿಸಿದರು. ಮಗಳು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು.

ಅಧ್ಯಕ್ಷರು ಕೊನೆಯ ಸಾಲಿಗೆ ಬಂದು, ಉಸಿರು ತುಂಬಿಕೊಂಡು, ಬಲಗೈಯನ್ನು ಮೇಲಕ್ಕೆತ್ತಿ ಘರ್ಜಿಸಿದರು. ಮುನ್ನೂರು ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಆ ಸಾಲಿನ ಅರ್ಥ: "ಇಳಿದ ಮೇಲೆ ಹಸಿವು ಬಹಳ ಚೆನ್ನಾಗಿದೆ."